ಮನೆಮಾತು

ಚರ್ಚಿಗೆ ಬರುವವರಲ್ಲಿ ಅರ್ಧ ಜನ ಪಾಸ್ಟರ ಪ್ರಸಂಗಕ್ಕಲ್ಲ, ಅದಕ್ಕೆ ಮುಂಚಿನ ನಲ್ಲಿಯಣ್ಣನ ಧ್ಯಾನಕ್ಕೆ ಬರುತ್ತಾರೆ ಎಂದು ಪಾಸ್ಟರೇ ತಮಾಷೆ ಮಾಡುತ್ತಿದ್ದರು. ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ನಲ್ಲಿಯಣ್ಣ ಎಂದರೆ ಪ್ಲಂಬರು. ಪೈಪು, ಬಚ್ಚಲು, ಟ್ಯಾಂಕುಗಳ ಮಧ್ಯೆಯೇ ತಲೆ ನರೆತಿತ್ತು. ಓದಿದ್ದು ಕಡಿಮೆ, ಆದರೆ ಮಾತು ಬಲ್ಲವರು. ಭಾನುವಾರ ಬಿಳಿ ಶರ್ಟು ತೊಟ್ಟು ಸಭೆಯ ಮುಂದೆ ನಿಂತರೆ, ಆ ವಾರ ಕಂಡದ್ದನ್ನೇ ಎತ್ತಿಕೊಂಡು ಹತ್ತು ನಿಮಿಷ ಮಾತಾಡುತ್ತಿದ್ದರು. ಅದಕ್ಕೇ ಧ್ಯಾನವೆಂದು ಹೆಸರು. "ಉಗುರಿನಷ್ಟು ದೊಡ್ಡ ವಾಷರು ಸವೆದರೆ ಬೆಳಗಾಗೋದ್ರೊಳಗೆ ಇಡೀ ಟ್ಯಾಂಕು ಖಾಲಿ. ನಮ್ಮ ಸಿಟ್ಟೂ ಹಾಗೇ" ಎನ್ನುವರು. ಕೇಳಿದವರು ತಲೆದೂಗುವರು.

ಪೈಪಿನ ಕಥೆಗಳು ಮುಗಿಯುತ್ತಾ ಬಂದಂತೆ ಅವರ ಕಣ್ಣು ಮನೆಯ ಮೇಲೆ ಬಿತ್ತು. ಅವರ ತಾಯಿಯ ಹಲ್ಲಿನ ಸೆಟ್ಟು ಕಳೆದು ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿದ್ದು ಒಂದು ಭಾನುವಾರ ಬಂತು. ಹೆಂಡತಿ ಟೈಲರಮ್ಮ ಒಬ್ಬಳ ರವಿಕೆಗೆ ಇನ್ನೊಬ್ಬಳ ತೋಳು ಹಚ್ಚಿದ್ದು ಇನ್ನೊಂದು ಭಾನುವಾರ. ಬಸ್ ಡ್ರೈವರಾಗಿದ್ದ ಮಗ ನಿದ್ದೆಯಲ್ಲಿ ಬ್ರೇಕ್ ಒತ್ತುವುದೂ ಬಂತು. ಮನೆಯವರೂ ನಗುತ್ತಿದ್ದರು. ಅಜ್ಜಿಗಂತೂ ಕಿವಿ ಮಂದ. ತನ್ನ ಹಲ್ಲಿನ ಕಥೆ ಸಭೆಗೆಲ್ಲ ಗೊತ್ತೆಂಬುದೇ ಆಕೆಗೆ ತಿಳಿಯಲು ತಿಂಗಳಾಯಿತು. ತಿಳಿದಾಗ, "ಸಕ್ಕರೆ ಡಬ್ಬಿ ಅಲ್ಲ, ಉಪ್ಪಿನ ಡಬ್ಬಿ. ಹೇಳೋದಾದ್ರೆ ಸರಿಯಾಗಿ ಹೇಳು" ಎಂದಳು, ಅಷ್ಟೆ.

ಆದರೆ ಆ ಭಾನುವಾರ ನಲ್ಲಿಯಣ್ಣ ಎದ್ದು ನಿಂತು ಹೇಳಿದ್ದು ಹಲ್ಲಿನ ಕಥೆಯಲ್ಲ.

"ಹೋದ ತಿಂಗಳು ನಮ್ಮ ಮನೆಗೆ ಒಬ್ಬ ಅತಿಥಿ ಬರಬೇಕಿತ್ತು. ತೊಟ್ಟಿಲು ಕಿಟಕಿ ಹತ್ತಿರ ಇಡೋದೋ, ಗೋಡೆ ಹತ್ತಿರ ಇಡೋದೋ ಅಂತ ನಾವೆಲ್ಲ ವಾದ ಮಾಡ್ತಿದ್ದೆವು. ಅತಿಥಿ ಬಾಗಿಲ ತನಕ ಬಂದು, ಒಳಗೆ ಕಾಲಿಡದೆ ಹಿಂದಿರುಗಿಬಿಟ್ಟ." ಸಭೆಯಲ್ಲಿ ಯಾರೋ ಮೂಗೆಳೆದುಕೊಂಡರು.

ಮೂರನೇ ಬೆಂಚಿನಲ್ಲಿ ಕುಳಿತಿದ್ದ ಸೊಸೆ ತನ್ನ ಕೈಗಳನ್ನೇ ನೋಡುತ್ತಿದ್ದಳು. ಪಕ್ಕದಲ್ಲಿದ್ದ ಅಜ್ಜಿ, "ಏನಂದ? ಯಾವ ಅತಿಥಿ? ನಂಗ್ಯಾರೂ ಹೇಳೇ ಇಲ್ವಲ್ಲ?" ಎಂದು ಎಲ್ಲರಿಗೂ ಕೇಳಿಸುವಂತೆ ಕೇಳಿದಳು. ಹಿಂದಿನ ಬೆಂಚಿನ ಹೆಂಗಸರ ಕಣ್ಣು ಸೊಸೆಯ ಬೆನ್ನಿಗೆ ಅಂಟಿಕೊಂಡವು.

ಆರಾಧನೆ ಮುಗಿದ ಮೇಲೆ ಒಬ್ಬಾಕೆ ಬಂದು ಅವಳ ಎರಡೂ ಕೈ ಹಿಡಿದುಕೊಂಡು ಬಿಡಲಿಲ್ಲ. ಇನ್ನೊಬ್ಬಾಕೆ ಒಳ್ಳೆಯ ಡಾಕ್ಟರೊಬ್ಬರ ನಂಬರು ಕೊಟ್ಟಳು. ಮತ್ತೊಬ್ಬಾಕೆ, "ಮುಂದಿನ ಸಲ ಮೆಟ್ಟಿಲು ಹತ್ತಬೇಡಮ್ಮಾ, ಬಕೀಟು ಎತ್ತಬೇಡ" ಎಂದಳು, ಹೋದ ಸಲ ಎತ್ತಿದ್ದನ್ನು ಕಣ್ಣಾರೆ ಕಂಡವಳ ಹಾಗೆ. ಸೊಸೆ ಎಲ್ಲದಕ್ಕೂ "ಹ್ಞೂಂ" ಎನ್ನುತ್ತಾ ಮನೆಯವರಿಗೆ ಕಾಯದೆ ಒಬ್ಬಳೇ ನಡೆದು ಮನೆಗೆ ಬಂದಳು.

ಭಾನುವಾರವೆಂದು ಟೈಲರಮ್ಮ ಬೆಳಗ್ಗೆಯೇ ಕೋಳಿ ಬೇಯಿಸಿಟ್ಟಿದ್ದರು. ಎಲ್ಲರೂ ಊಟಕ್ಕೆ ಕುಳಿತರು. ನಲ್ಲಿಯಣ್ಣನ ಮುಖದಲ್ಲಿ ಕೆಲಸ ಚೆನ್ನಾಗಿ ಮುಗಿಸಿದವನ ಕಳೆ ಇತ್ತು.

"ಇವತ್ತು ಎಲ್ಲರೂ ಅತ್ತುಬಿಟ್ರು. ಆ ಮೂಲೆ ಅಂಗಡಿಯವನೂ ಕಣ್ಣೊರೆಸ್ಕೊಂಡ, ನೋಡಿದ್ರಾ? ಅವನಿಗೆ ತೂಕ ಬಿಟ್ರೆ ಬೇರೇನೂ ಗೊತ್ತಿರ್ಲಿಲ್ಲ."

ಅನ್ನದ ಪಾತ್ರೆ ಹಿಡಿದು ನಿಂತಿದ್ದ ಸೊಸೆ ಅದನ್ನು ಕೆಳಗಿಟ್ಟಳು.

"ಮಾವ, ಅದು ನಂದು."

"ಏನಮ್ಮಾ?"

"ನೀವು ಇವತ್ತು ಹೇಳಿದ್ದು. ಅದು ನಂದು. ನಾನಿನ್ನೂ ನಮ್ಮಮ್ಮಂಗೂ ಹೇಳಿಲ್ಲ. ಕೆಲಸದ ಕಡೆ ಜ್ವರ ಅಂತ ರಜಾ ಹಾಕಿದ್ದೆ."

"ನಾನು ಹೆಸರು ಹೇಳ್ಲಿಲ್ವಲ್ಲ!"

"ನಿಮ್ಮನೇಲಿ ಎಷ್ಟು ಜನ ಸೊಸೆಯಂದಿರಿದ್ದಾರೆ ಮಾವ?"

ಮಗ ನಡುವೆ ಬಂದ. "ಹೋಗ್ಲಿ ಬಿಡೇ. ಅಪ್ಪ ಒಳ್ಳೆ ಮನಸ್ಸಿಂದಾನೇ ಹೇಳಿದ್ದು."

"ಒಳ್ಳೆ ಮನಸ್ಸಿಂದ ಕಾಲು ತುಳಿದ್ರೂ ಕಾಲು ನೋಯತ್ತೆ ಕಣ್ರೀ."

"ನಿಂಗೆ ಸಮಾಧಾನ ಆಗ್ಲಿ, ಇನ್ನೊಬ್ಬರಿಗೂ ಆಗ್ಲಿ ಅಂತ ನಾನು..." ಎಂದು ನಲ್ಲಿಯಣ್ಣ ಶುರುಮಾಡಿದರು.

"ನಂಗೆ ಸಮಾಧಾನ ಬೇಕು ಅಂತ ನಾನು ಕೇಳಿದ್ನಾ?" ಎಂದವಳೇ ಸೊಸೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಜ್ಜಿ ಮೂಳೆ ಕಡಿಯುತ್ತಾ, "ಯಾಕೆ, ಉಪ್ಪು ಜಾಸ್ತಿ ಆಯ್ತಾ?" ಎಂದಳು.

ಸಂಜೆ ಸೊಸೆಯ ತಾಯಿಯ ಫೋನು ಬಂತು. ಚರ್ಚಿನಲ್ಲಿದ್ದ ಯಾರೋ ಯಾರಿಗೋ ಹೇಳಿ, ಅವರಿಂದ ಅಲ್ಲಿಗೆ ಮುಟ್ಟಿತ್ತು. "ಹೆತ್ತವಳಿಗೆ ಹೇಳದೆ ಸಭೆಗೆಲ್ಲ ಹೇಳಿಸಿದ್ಯಾ?" ಎಂದು ಆಕೆ ಅಳುವುದು ಫೋನಿನಾಚೆಗೂ ಕೇಳಿಸುತ್ತಿತ್ತು. ಸೊಸೆ ಬಚ್ಚಲಿನಲ್ಲಿ ನಿಂತು ಬಹಳ ಹೊತ್ತು ತಾಯಿಯನ್ನೇ ಸಮಾಧಾನ ಮಾಡಿದಳು. ಹೊರಗೆ ಬಟ್ಟೆ ಮಡಿಸುತ್ತಿದ್ದ ಟೈಲರಮ್ಮ ಒಂದೇ ಟವೆಲನ್ನು ಬಿಚ್ಚಿ ಬಿಚ್ಚಿ ಮಡಿಸಿದರು.

ಮರುದಿನದಿಂದ ಮನೆಯ ಗಾಳಿ ಬದಲಾಯಿತು. ಸೊಸೆ ಮಾವನಿಗೆ ಚಹಾ ಕೊಡುವುದನ್ನು ನಿಲ್ಲಿಸಲಿಲ್ಲ. ಲೋಟ ತಂದು ಮೇಜಿನ ಮೇಲಿಟ್ಟು, ಲೋಟಕ್ಕೇ ಹೇಳಿದಂತೆ "ಚಹಾ" ಎಂದು ಹೋಗುತ್ತಿದ್ದಳು. ಅವಳು ಕೆಲಸ ಮಾಡುತ್ತಿದ್ದುದು ಕನ್ನಡಕದ ಅಂಗಡಿಯಲ್ಲಿ. ಚರ್ಚಿನ ಹೆಂಗಸೊಬ್ಬಳು ಫ್ರೇಮು ನೋಡುವ ನೆಪದಲ್ಲಿ ಅಲ್ಲಿಗೂ ಬಂದು, "ಈಗ ಹೇಗಿದ್ದೀಯಮ್ಮಾ? ರಕ್ತ ನಿಂತಿತಾ?" ಎಂದು ಗಿರಾಕಿಗಳ ಮುಂದೆಯೇ ಕೇಳಿದಳು. ಅಂಗಡಿಯ ಯಜಮಾನ ಸಂಜೆ ಅವಳನ್ನು ಕರೆದು, "ಜ್ವರ ಅಂತ ಯಾಕೆ ಹೇಳಿದ್ರಿ? ನಿಜ ಹೇಳಿದ್ರೆ ಇನ್ನೂ ನಾಲ್ಕು ದಿನ ರಜಾ ಕೊಡ್ತಿದ್ದೆನಲ್ಲ" ಎಂದರು. ಒಳ್ಳೆಯ ಮಾತೇ. ಆದರೂ ಅವಳಿಗೆ ಅಂಗಡಿಯ ಕನ್ನಡಿಗಳೆಲ್ಲ ತನ್ನ ಕಡೆಗೇ ತಿರುಗಿದಂತಾಯಿತು. ಮುಂದಿನ ಭಾನುವಾರ ಅಂಗಡಿಯಲ್ಲಿ ಬಾಗಿಲು ತೆರೆಯುವ ಪಾಳಿಯನ್ನು ತಾನೇ ಕೇಳಿ ಪಡೆದಳು. ಅದರ ಮುಂದಿನ ಭಾನುವಾರವೂ.

ಟೈಲರಮ್ಮ ಮೊದಲೆಲ್ಲ ಊಟದ ಹೊತ್ತಿಗೆ ಯಾರ ಸೊಂಟದ ಅಳತೆ ಎಷ್ಟು ಹೆಚ್ಚಿತು, ಯಾರ ಮದುವೆ ಮುರಿಯಿತು ಎಂಬುದನ್ನೆಲ್ಲ ಗಂಡನಿಗೆ ಹೇಳುತ್ತಿದ್ದರು. ಈಗ ಬಡಿಸಿ ಒಳಗೆ ಹೋಗುತ್ತಿದ್ದರು. ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಮಾತಾಡುತ್ತಿದ್ದರೆ, ಬಾಗಿಲಲ್ಲಿ ಕಾವಲು ಕೂತ ಅಜ್ಜಿ ತನ್ನ ಪ್ರಕಾರ ಪಿಸುಮಾತಿನಲ್ಲಿ, "ಬಂದ ಬಂದ! ಬಾಯಿ ಮುಚ್ಚಿ!" ಎಂದು ಕೂಗುತ್ತಿದ್ದಳು.

"ಅಮ್ಮಾ, ನನಗೆ ಕೇಳಿಸ್ತು" ಎನ್ನುವರು ನಲ್ಲಿಯಣ್ಣ.

"ಕೇಳಿಸ್ಲಿ ಅಂತಾನೇ ಹೇಳಿದ್ದು."

ಮಗ ರಾತ್ರಿ ಊಟಕ್ಕೆ ಕುಳಿತು ನಿಟ್ಟುಸಿರುಬಿಟ್ಟ. "ದಿನಾ ಬಸ್ಸು ತುಂಬ ಜನರನ್ನ ಕೂರಿಸ್ಕೊಂಡು ಹೋಗ್ತೀನಿ, ಒಂದು ಜಗಳ ಇಲ್ಲ. ಇಲ್ಲಿ ನಾಲ್ಕು ಜನರ ಮಧ್ಯೆ ಗಾಡಿ ಮುಂದಕ್ಕೇ ಹೋಗ್ತಿಲ್ಲ."

"ನೀನು ಯಾರ ಕಡೆ?" ಎಂದಳು ಅವನ ಹೆಂಡತಿ.

"ನಾನು ಡ್ರೈವರು ಕಣೇ. ಮಧ್ಯದಲ್ಲೇ ಹೋಗ್ಬೇಕು."

"ಮಗು ನನ್ನೊಬ್ಬಳದೇ ಆಗಿತ್ತಾ?"

ಅವನ ಕೈ ತಟ್ಟೆಯಲ್ಲೇ ನಿಂತಿತು. ಆ ರಾತ್ರಿ ಅವನು ಅಪ್ಪನಿಗೆ ಹೇಳಿದ: "ಅಪ್ಪಾ, ನನಗೂ ನೋವಾಯ್ತು. ಅವತ್ತೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

ನಲ್ಲಿಯಣ್ಣನಿಗೆ ಮನೆಯೊಳಗಿನ ಸುದ್ದಿ ನಿಂತುಹೋದ ಮೇಲೆ ಭಾನುವಾರಕ್ಕೆ ಹೇಳಲು ಏನೂ ಉಳಿಯಲಿಲ್ಲ. ಕಟ್ಟಿಕೊಂಡ ಚರಂಡಿಯ ಹಳೆಯ ಕಥೆಯನ್ನೇ ಮತ್ತೆ ಹೇಳಿದರು. ಸಭೆ ಮರ್ಯಾದೆಗೆ ಕೇಳಿತು. ಪಾಸ್ಟರು ಸೂಕ್ಷ್ಮ ಬಲ್ಲವರು. ಚರ್ಚಿನ ಕೈತೊಳೆಯುವ ಬೇಸಿನ್ನು ಸರಿಮಾಡಲು ಬಂದ ನಲ್ಲಿಯಣ್ಣನ ಪಕ್ಕ ನಿಂತು ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡರು.

"ಒಂದು ಕೆಲಸ ಮಾಡಿ. ಬರೋ ಭಾನುವಾರ ಸಭೆ ಮುಂದೆ ಕ್ಷಮೆ ಕೇಳಿಬಿಡಿ. ತಪ್ಪೂ ಸರಿಹೋಗುತ್ತೆ, ಸಭೆಗೂ ಒಂದು ದೊಡ್ಡ ಪಾಠ ಆಗುತ್ತೆ."

ನಲ್ಲಿಯಣ್ಣನ ಮುಖ ಅರಳಿತು. ವಾರವಿಡೀ ಅವರು ಕೆಲಸಕ್ಕೆ ಹೋಗುವಾಗಲೂ ಬರುವಾಗಲೂ ತುಟಿ ಅಲ್ಲಾಡಿಸುತ್ತಿದ್ದರು. ಶುಕ್ರವಾರ ಬೆಳಗ್ಗೆ ಗಡ್ಡಕ್ಕೆ ನೊರೆ ಹಚ್ಚಿಕೊಂಡು ಬಚ್ಚಲ ಕನ್ನಡಿಯ ಮುಂದೆ ದನಿ ಎತ್ತಿಯೇ ಅಭ್ಯಾಸ ಮಾಡಿದರು. "ಒಡೆದ ಪೈಪಿನ ಹಾಗೆ ನನ್ನ ನಾಲಿಗೆ ಮನೆಯ ಗುಟ್ಟನ್ನೆಲ್ಲ ಬೀದಿಗೆ ಹರಿಸಿತು. ಪ್ರಿಯರೇ, ಆ ಪೈಪನ್ನು ರಿಪೇರಿ ಮಾಡುವ ಮಹಾ ಕೆಲಸಗಾರ..."

ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಸೊಸೆ, ಹೆಗಲಿಗೆ ಬ್ಯಾಗು ಹಾಕಿಕೊಂಡು ಕೆಲಸಕ್ಕೆ ಹೊರಟು ನಿಂತಿದ್ದಳು.

"ಮಾವ, ಕ್ಷಮೆ ಕೇಳೋದನ್ನೂ ಧ್ಯಾನ ಮಾಡ್ಬೇಡಿ."

ನಲ್ಲಿಯಣ್ಣನ ಗಲ್ಲದಿಂದ ನೊರೆ ತೊಟ್ಟಿಕ್ಕಿತು. "ಮತ್ತೆ ಹೇಗಮ್ಮಾ ಕೇಳ್ಬೇಕು?"

"ನಂಗೊತ್ತಿಲ್ಲ. ಆದ್ರೆ ಇಲ್ಲಿ ಕೇಳಿ. ಮನೇಲಿ. ಪೈಪು ಗೀಪು ಏನೂ ಇಲ್ದೆ."

ಅವರು ಬಾಯಿ ತೆರೆದರು. "ಅಂದ್ರೆ ಈಗ, ನೀರು ಒಂದ್ಸಲ ಹರಿದ್ಮೇಲೆ..." ಎಂದವರು ಅಲ್ಲಿಗೇ ನಿಂತರು. ಸೊಸೆ ಸ್ವಲ್ಪ ಹೊತ್ತು ಕಾದಳು.

"ಬಸ್ಸು ತಪ್ಪತ್ತೆ" ಎಂದು ಹೊರಟುಹೋದಳು.

ಅವತ್ತು ಮಧ್ಯಾಹ್ನ ನಲ್ಲಿಯಣ್ಣ ಕೆಲಸದಿಂದ ಬೇಗ ಬಂದರು. ನಡುಮನೆಯಲ್ಲಿ ಟೈಲರಮ್ಮ ಮಿಷನ್ನಿನ ಮುಂದೆ ಕುಳಿತಿದ್ದರು. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅಜ್ಜಿ ತೂಕಡಿಸುತ್ತಿದ್ದಳು.

"ಆ ಹುಡುಗಿ ಮನಸ್ಸು ಕಲ್ಲು ಕಣೇ. ನಾನು ಆ ಮಗುಗೋಸ್ಕರ ಅತ್ತಿದ್ದೀನಿ. ಅದು ಅವಳಿಗೆ ಗೊತ್ತಾ?"

ಮಿಷನ್ನು ನಿಂತಿತು.

"ಅತ್ರಾ?" ಎಂದರು ಟೈಲರಮ್ಮ. "ನಮ್ಮದಕ್ಕೆ ಅಳಲಿಲ್ವಲ್ಲ."

"ಯಾವ..." ಎಂದ ನಲ್ಲಿಯಣ್ಣನ ಬಾಯಿ ಅರ್ಧಕ್ಕೇ ಮುಚ್ಚಿಕೊಂಡಿತು.

"ನಮ್ಮ ಮಗನಿಗಿಂತ ಮೊದ್ಲಿಂದು. ತುಂಬಿದ ಬಸುರಿ ಆಸ್ಪತ್ರೆಗೆ ಹೋದೆ, ಬರಿಗೈಲಿ ಬಂದೆ. ಏನಾಯ್ತು ಅಂತ ಕೇಳಿದ್ರೆ ನೀವು ಗೋಡೆ ನೋಡಿದ್ರಿ. ಆಮೇಲೆ ಬಾಯಿಗೆ ಬೀಗ. ಮುಂದಿನ ವರ್ಷದಿಂದ ಚರ್ಚಿನಲ್ಲಿ ಧ್ಯಾನ ಹೇಳೋಕೆ ಶುರುಮಾಡಿದ್ರಿ. ವಾಷರಿಗೆ ಮಾತು ಸಿಕ್ತು. ಅಮ್ಮನ ಹಲ್ಲಿಗೆ ಸಿಕ್ತು. ಈಗ ಸೊಸೆ ಮಗುಗೂ ಸಿಕ್ತು. ನಮ್ಮದಕ್ಕೆ ಇವತ್ತಿಗೂ ಒಂದು ಮಾತಿಲ್ಲ ನಿಮ್ಮತ್ರ."

ನಲ್ಲಿಯಣ್ಣ ನೆಲದ ಮೇಲೆ, ಬಟ್ಟೆ ತುಂಡುಗಳ ನಡುವೆ ಕುಳಿತುಬಿಟ್ಟರು.

"ಹೇಳ್ಬೇಡ ಅಂದ್ರು. ಹೇಳಿದ್ರೆ ನಿಂಗೆ ನೋವು ಜಾಸ್ತಿ ಆಗತ್ತೆ, ಮರೀಲಿ ಬಿಡು ಅಂದ್ರು."

"ಯಾರಂದ್ರು?"

ಜೋರಾಗಿ ಕೂಗಿದರೂ ಕೇಳಿಸದ ಅಜ್ಜಿಗೆ ಈ ಮಾತು ಮಾತ್ರ ಕೇಳಿಸಿತು. ಆಕೆ ಕಣ್ಣು ತೆರೆದು, "ನಾನೇ" ಎಂದಳು. "ನಾನೇ ಅಂದಿದ್ದು. ನನಗೆರಡು ಹಾಗೇ ಹೋದವು. ನಮ್ಮತ್ತೆ ಬಾಯಿ ಮುಚ್ಚು ಅಂದ್ಲು, ಮುಚ್ಕೊಂಡೆ. ಅದೇ ಸರಿ ಅನ್ಕೊಂಡಿದ್ದೆ ಕಣೇ ಮಗಳೇ." ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕಿಟಕಿಯ ಹೊರಗೆ ನೋಡಿದಳು.

ಟೈಲರಮ್ಮ ಗಂಡನ ಕಡೆಗೇ ತಿರುಗಿ ಕೇಳಿದರು: "ಗಂಡೋ ಹೆಣ್ಣೋ?"

ಅಷ್ಟು ಕೂಡ ಟೈಲರಮ್ಮನಿಗೆ ಗೊತ್ತಿರಲಿಲ್ಲ.

"ಹೆಣ್ಣು" ಎಂದರು ನಲ್ಲಿಯಣ್ಣ.

ಟೈಲರಮ್ಮ ಸೂಜಿಯ ಕೆಳಗಿನ ಬಟ್ಟೆಯನ್ನು ಮೆಲ್ಲನೆ ಬಿಡಿಸಿಕೊಂಡು ಮಡಿಸಿಟ್ಟರು. "ಎಲ್ಲಿಟ್ರಿ?"

"ಸಮಾಧಿ ತೋಟದ ಹಿಂದೆ. ನೀರಿನ ಟ್ಯಾಂಕ್ ಪಕ್ಕ, ಗೋಡೆ ಹತ್ರ."

ಆ ತೋಟದ ನಲ್ಲಿ ಕೆಟ್ಟರೆ ನಲ್ಲಿಯಣ್ಣ ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ಕೆಡದಿದ್ದರೂ ಆಗಾಗ ಹೋಗಿ ನೋಡಿ ಬರುತ್ತಿದ್ದರು. ಧರ್ಮಕ್ಕೆ ಮಾಡುತ್ತಾರೆಂದು ಹೆಂಡತಿ ಅಂದುಕೊಂಡಿದ್ದರು.

"ಕರ್ಕೊಂಡು ಹೋಗಿ" ಎಂದರು ಟೈಲರಮ್ಮ.

ಸಂಜೆ ಸೊಸೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದರು. ಅಜ್ಜಿ ಬಾಗಿಲಲ್ಲಿ ಕಾವಲು ಕೂರಲಿಲ್ಲ. ಒಳಗೇ ಬಂದು ಇಬ್ಬರ ನಡುವೆ ಮಣೆ ಹಾಕಿಕೊಂಡು ಕುಳಿತಳು.

"ನಾಳೆ ನೀನೂ ಬಾ. ಅವರಿಗೋಸ್ಕರ ಅಲ್ಲ. ಹಿಡ್ಕೊಳ್ಳೋಕೆ ನಂಗೆ ಒಂದು ಕೈ ಬೇಕು" ಎಂದರು ಟೈಲರಮ್ಮ.

ಸೊಸೆ, "ಬರ್ತೀನಿ ಅತ್ತೆ" ಎಂದಳು.

ಶನಿವಾರ ಮಧ್ಯಾಹ್ನ ಗಂಡ, ಹೆಂಡತಿ, ಸೊಸೆ ಮೂವರೂ ಹೋದರು. ತೋಟದ ಕಾವಲುಗಾರ ಪ್ಲಂಬರನ್ನು ನೋಡಿ, "ನಲ್ಲಿ ಚೆನ್ನಾಗೇ ಇದೆಯಲ್ಲಣ್ಣಾ" ಎಂದ. ನಲ್ಲಿಯಣ್ಣ ತಲೆಯಾಡಿಸಿ ಮುಂದೆ ನಡೆದರು. ದೊಡ್ಡ ಸಮಾಧಿಗಳ ಸಾಲು ಮುಗಿದ ಮೇಲೆ ಹುಲ್ಲು ಬೆಳೆದ ಜಾಗ. ಟ್ಯಾಂಕಿನ ನೆರಳಿನಲ್ಲಿ ಅಂಗೈ ಅಗಲದ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಏನೂ ಬರೆದಿರಲಿಲ್ಲ. ಸುತ್ತ ಮಾತ್ರ ಹುಲ್ಲು ಕಿತ್ತು ಚೊಕ್ಕಟವಾಗಿತ್ತು.

ನಲ್ಲಿಯಣ್ಣ ಕೈಮುಗಿದು ಗಂಟಲು ಸರಿಮಾಡಿಕೊಂಡರು. "ಕರುಣಾಮಯನಾದ ಕರ್ತನೇ, ಬಾಡಿಹೋದ ಹೂವಿನ ಹಾಗೆ..."

"ಸುಮ್ನಿರಿ" ಎಂದರು ಟೈಲರಮ್ಮ.

ಅವರು ನಿಲ್ಲಿಸಿದರು.

"ಗೆಳೆಯನ ಸಮಾಧಿ ಹತ್ರ ಯೇಸುಸ್ವಾಮಿನೂ ಅತ್ತರು. ನೀವೂ ಅಳಿ. ಮಾತು ಆಮೇಲೆ."

ಟೈಲರಮ್ಮ ಕಲ್ಲಿನ ಪಕ್ಕ ಕುಳಿತು ಅದರ ಮೇಲೆ ಕೈಯಿಟ್ಟರು. ಇನ್ನೊಂದು ಕೈಯನ್ನು ಸೊಸೆ ಹಿಡಿದುಕೊಂಡಿದ್ದಳು. ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಕಾವಲುಗಾರ ಎಲ್ಲೋ ಎಲೆ ಗುಡಿಸುತ್ತಿದ್ದ. ನಲ್ಲಿಯಣ್ಣ ಟ್ಯಾಂಕಿನ ಕಟ್ಟೆ ಹಿಡಿದುಕೊಂಡರು. ಆಮೇಲೆ ಅದನ್ನೂ ಬಿಟ್ಟು ಹುಲ್ಲಿನ ಮೇಲೆ ಕುಕ್ಕರಿಸಿ, ಸಭೆಯ ಮುಂದೆ ಎಂದೂ ಅಳದ ರೀತಿಯಲ್ಲಿ, ಮೂಗು ಬಾಯಿ ಒಂದಾಗುವಂತೆ ಅತ್ತರು.

ಅಳು ಇಳಿದ ಮೇಲೆ ಸೊಸೆಯೇ ಕೇಳಿದಳು. "ಹೇಗಿದ್ಲು ಮಾವ?"

"ತಲೆ ತುಂಬ ಕೂದಲು" ಎಂದರು ನಲ್ಲಿಯಣ್ಣ. ತೋಳಿನಿಂದ ಮುಖ ಒರೆಸಿಕೊಂಡು, "ಮೂಗು ನಿಮ್ಮತ್ತೇದು." ಕಲ್ಲಿನ ಕಡೆಗೆ ತಿರುಗಿದರು. "ಸುತ್ತೋಕೆ ಬಟ್ಟೆ ಇರ್ಲಿಲ್ಲ. ಅಲ್ಲಿಯವರು ಪೇಪರು ತಂದ್ರು. ಮನಸ್ಸು ಬರ್ಲಿಲ್ಲ. ನನ್ನ ಶರ್ಟು ಬಿಚ್ಚಿ ಸುತ್ತಿದೆ. ಬರೀ ಬನಿಯನ್ನಲ್ಲೇ ಇಲ್ಲಿ ತನಕ ಎತ್ಕೊಂಡು ಬಂದೆ."

ಟೈಲರಮ್ಮ ತಲೆಯೆತ್ತಿದರು. "ನೀಲಿ ಗೆರೆ ಶರ್ಟಾ?"

"ಹೂಂ."

"ನಾನು ಹೊಲಿದಿದ್ದು. ಶರ್ಟೆಲ್ಲಿ ಅಂದ್ರೆ, ಕೆಲಸದಲ್ಲಿ ಹರಿದೋಯ್ತು, ಬಿಸಾಕ್ದೆ ಅಂದ್ರಿ. ಹೊಸ ಶರ್ಟು ಹಾಳ್ಮಾಡ್ಕೊಂಡ್ರಿ ಅಂತ ಎಷ್ಟು ಬೈದಿದ್ದೆ ನಿಮ್ಮನ್ನ."

"ಬೈದೆ" ಎಂದರು ನಲ್ಲಿಯಣ್ಣ. "ಬೈಸ್ಕೊಂಡೆ."

"ನನ್ನ ಕೈ ಹೊಲಿಗೇಲೇ ಮಲಗಿದ್ದಾಳೆ ಹಾಗಿದ್ರೆ" ಎಂದು ಟೈಲರಮ್ಮ ಕಲ್ಲನ್ನು ಸವರಿದರು. ಕಣ್ಣಲ್ಲಿ ನೀರಿದ್ದರೂ ಮುಖ ಸ್ವಲ್ಪ ಸಡಿಲಾಗಿತ್ತು.

ಹೊರಡುವಾಗ ನಲ್ಲಿಯಣ್ಣ ಎರಡು ಹೆಜ್ಜೆ ಹಿಂದೆ ಉಳಿದರು. ಸೊಸೆಯೂ ನಿಂತಳು.

"ನಿಂದನ್ನ ನಾನು ಹೇಳ್ಬಾರದಿತ್ತು ಕಣಮ್ಮಾ. ತಪ್ಪಾಯ್ತು" ಎಂದರು. ಇನ್ನೇನೋ ಸೇರಿಸುವವರಂತೆ ಬಾಯಿ ತೆರೆದರು, ಮುಚ್ಚಿಕೊಂಡರು.

ಸೊಸೆ ನೆಲ ನೋಡಿದಳು. "ನಂಗಿನ್ನೂ ಸಿಟ್ಟಿದೆ ಮಾವ."

"ಇರ್ಲಿ."

"ತಕ್ಷಣ ಹೋಗಲ್ಲ."

"ಹೋದಾಗ ಹೋಗ್ಲಿ."

ಮೂವರೂ ಗೇಟು ದಾಟಿ ಬಸ್ಸಿಗೆ ಕಾದರು. ಬಂದದ್ದು ಮಗನ ಬಸ್ಸೇ. ಮೂವರ ಮುಖವನ್ನೂ ನೋಡಿ ಅವನು ಏನೂ ಕೇಳದೆ, ಅವರು ಕೂರುವ ತನಕ ಗಾಡಿ ಎತ್ತಲಿಲ್ಲ.

ಮರುದಿನ ಭಾನುವಾರ. ಸೊಸೆಗೆ ಬೆಳಗಿನ ಪಾಳಿಯಿತ್ತು. ಆದರೆ ಹಿಂದಿನ ಸಂಜೆಯೇ ಅಂಗಡಿಯ ಜೊತೆಯವಳಿಗೆ ಫೋನು ಮಾಡಿ ಪಾಳಿ ಬದಲಾಯಿಸಿಕೊಂಡಿದ್ದಳು. ಯಾರಿಗೂ ಹೇಳಲಿಲ್ಲ, ಸೀರೆ ಉಟ್ಟುಕೊಂಡು ಬಂದು ಅಜ್ಜಿಯ ಕೈ ಹಿಡಿದುಕೊಂಡಳು. ಚರ್ಚಿನ ಮೆಟ್ಟಿಲಲ್ಲಿ ಹೆಂಗಸರು ಕತ್ತು ಚಾಚಿದಾಗ ಟೈಲರಮ್ಮ, "ಆಮೇಲೆ ಮಾತಾಡೋಣ, ಹೊತ್ತಾಯ್ತು" ಎಂದು ದಾರಿ ಬಿಡಿಸಿಕೊಂಡು ಹೋದರು.

ಹಾಡು ಮುಗಿಯಿತು. ಪಾಸ್ಟರು ನಗುತ್ತಾ, "ಈವತ್ತಿನ ಧ್ಯಾನದಲ್ಲಿ ನಮ್ಮ ಅಣ್ಣನವರು ಒಂದು ವಿಶೇಷ ಸಾಕ್ಷಿ ಹೇಳಲಿದ್ದಾರೆ" ಎಂದರು. ಸಭೆ ನೆಟ್ಟಗಾಯಿತು. ಮೂಲೆ ಅಂಗಡಿಯವನು ಕರವಸ್ತ್ರ ತೆಗೆದಿಟ್ಟುಕೊಂಡ.

ನಲ್ಲಿಯಣ್ಣ ಎದ್ದರು. ಮುಂದೆ ಹೋಗಲಿಲ್ಲ. ಬೆಂಚಿನ ಬಳಿಯೇ ನಿಂತು, ಮುಂದಿನ ಬೆಂಚಿನ ಒರಗು ಹಿಡಿದುಕೊಂಡರು. ಸೊಸೆ ಪಕ್ಕದಲ್ಲಿದ್ದ ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಈ ವಾರ ನಮ್ಮ ಮನೇಲಿ ನಿಮಗೆ ಹೇಳೋವಂಥದ್ದು ಏನೂ ನಡೀಲಿಲ್ಲ" ಎಂದರು ನಲ್ಲಿಯಣ್ಣ. "ಪಾಸ್ಟರೇ, ನೀವೇ ಶುರುಮಾಡಿ." ಕುಳಿತುಬಿಟ್ಟರು.

ಯಾರೋ ಹಿಂದೆ ನಕ್ಕರು. ಪಾಸ್ಟರು ಕನ್ನಡಕ ಸರಿಮಾಡಿಕೊಂಡು ಪುಟ ತಿರುವತೊಡಗಿದರು.

"ಏನಂದ? ಏನಂತೆ?" ಎಂದಳು ಅಜ್ಜಿ.

ಸೊಸೆ ಬಾಗಿ ಅಜ್ಜಿಯ ಕಿವಿಯ ಹತ್ತಿರ ಬಾಯಿ ತಂದಳು. "ಏನೂ ಇಲ್ಲಜ್ಜಿ" ಎಂದಳು. "ಅದು ನಮ್ಮನೆ ವಿಷಯ."